ಉಸಿರು ಕಾಯುವ ಕೆಲಸ

1889ರ ಅಕ್ಟೋಬರಿನಲ್ಲಿ ಲಂಡನ್ನಿನ ಹೆಸರಾಂತ ವೈದ್ಯ ಥಾಮಸ್ ಲಾಡರ್ ಬ್ರಂಟನ್ ಹೈದರಾಬಾದಿಗೆ ಬಂದರು. ಅವರು 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯ ಪ್ರತಿನಿಧಿ. ಅವರನ್ನು ಕರೆಸುವುದಕ್ಕೆ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನ್ ತಮ್ಮ ಖಜಾನೆಯಿಂದ ಸಾವಿರ ಪೌಂಡ್ ಕೊಟ್ಟಿದ್ದರು. ಬ್ರಂಟನ್ ಬಗೆಹರಿಸಬೇಕಾಗಿದ್ದದ್ದು ಒಂದೇ ಪ್ರಶ್ನೆ. ಕ್ಲೋರೋಫಾರ್ಮ್ ಕೊಟ್ಟಾಗ ರೋಗಿ ಸತ್ತರೆ, ಮೊದಲು ನಿಲ್ಲುವುದು ಹೃದಯವೋ ಉಸಿರೋ?

ಇದು ಬರೀ ಪಾಂಡಿತ್ಯದ ಜಗಳವಾಗಿರಲಿಲ್ಲ. ಎಡಿನ್‌ಬರೋದ ಜೇಮ್ಸ್ ಸಿಂಪ್ಸನ್ 1847ರ ನವೆಂಬರಿನಲ್ಲಿ ಕ್ಲೋರೋಫಾರ್ಮನ್ನು ಬಳಕೆಗೆ ತಂದರು. ಮೂರು ತಿಂಗಳು ತುಂಬುವುದರೊಳಗೆ, ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಮಲಗಿದ್ದ ಹ್ಯಾನಾ ಗ್ರೀನರ್ ಎಂಬ ಹದಿನೈದರ ಹುಡುಗಿ ಅದೇ ಔಷಧಿಯಿಂದ ತೀರಿಕೊಂಡಳು. ಅಲ್ಲಿಂದ ನಲವತ್ತು ವರ್ಷ ವೈದ್ಯಲೋಕ ಎರಡು ಪಂಗಡವಾಗಿತ್ತು. ನಾಡಿ ಹಿಡಿದು ಕೂರಿ ಎಂದು ಲಂಡನ್ನಿನವರು ಹೇಳುತ್ತಿದ್ದರು. ನಾಡಿ ಬಿಡಿ, ಉಸಿರಿನ ಮೇಲೆ ಕಣ್ಣಿಡಿ ಎಂದು ಎಡಿನ್‌ಬರೋದವರು ಹೇಳುತ್ತಿದ್ದರು. ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಎಡಿನ್‌ಬರೋದಲ್ಲಿ ಜೇಮ್ಸ್ ಸೈಮ್ ಅವರ ಶಿಷ್ಯರಾಗಿದ್ದವರು, ಉಸಿರಿನ ಪಂಗಡದ ಕಟ್ಟಾಳು. 1888ರಲ್ಲಿ ಒಂದು ಆಯೋಗ ಕೂರಿಸಿ ತಮ್ಮ ಗುರುವಿನ ಮಾತೇ ಸರಿ ಎಂದು ತೋರಿಸಿದರು. ಲ್ಯಾನ್ಸೆಟ್ ಒಪ್ಪಲಿಲ್ಲ. ಹಾಗಾದರೆ ನೀವೇ ಬಂದು ನೋಡಿ ಎಂಬುದೇ ನಿಜಾಮರ ಸಾವಿರ ಪೌಂಡಿನ ಅರ್ಥ. ಎರಡನೆಯ ಆಯೋಗದಲ್ಲಿ ನಾಲ್ವರಿದ್ದರು: ಲಾರಿ, ಬ್ರಂಟನ್, ಸರ್ಜನ್ ಮೇಜರ್ ಜೆರಾಲ್ಡ್ ಬಾಮ್‌ಫರ್ಡ್ ಮತ್ತು ಡಾ. ರುಸ್ತುಂಜಿ ಹಕೀಂ. ನಾಯಿ, ಕೋತಿ ಮುಂತಾಗಿ ನಾನೂರಕ್ಕೂ ಹೆಚ್ಚು ಪ್ರಾಣಿಗಳ ಮೇಲೆ ಪ್ರಯೋಗ ನಡೆಯಿತು. ಲಾರಿಯ ಮಾತೇ ಮತ್ತೆ ಗೆದ್ದಿತು. ವರದಿ 1890ರಲ್ಲಿ ಅದೇ ಲ್ಯಾನ್ಸೆಟ್‌ನಲ್ಲಿ ಅಚ್ಚಾಯಿತು. 'ಹೈದರಾಬಾದ್ ಕ್ಲೋರೋಫಾರ್ಮ್ ಕಮಿಷನ್' ಎಂಬ ಹೆಸರು ಇಂದಿಗೂ ಅರಿವಳಿಕೆಯ ಚರಿತ್ರೆಯ ಪುಸ್ತಕಗಳಲ್ಲಿದೆ.

ಆ ನಾಲ್ಕು ಹೆಸರುಗಳ ಆಚೆ ಇನ್ನೊಂದು ಹೆಸರಿದೆ. ರೂಪಾಬಾಯಿ ಫರ್ದೂನ್‌ಜಿ. ಹೈದರಾಬಾದಿನ ಪಾರ್ಸಿ ಹೆಣ್ಣುಮಗಳು, ಲಾರಿಯ ಶಿಷ್ಯೆ. ಕ್ಲೋರೋಫಾರ್ಮ್ ಆಯೋಗದ ಕೆಲಸದಲ್ಲಿ ಪಾಲ್ಗೊಂಡವರು, ಅದಾದ ಮೇಲೂ ದಶಕಗಳ ಕಾಲ ಊರಿನ ಆಸ್ಪತ್ರೆಗಳಲ್ಲಿ ರೋಗಿಗಳಿಗೆ ಅರಿವಳಿಕೆ ಕೊಟ್ಟವರು. ಲೋಕದ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಈಗ ಅವರನ್ನು ಕರೆಯುತ್ತಾರೆ. 'ಲೋಕದ ಮೊದಲ' ಎಂಬ ಪಟ್ಟಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. ಯಾವುದೋ ಊರಿನ ಯಾವುದೋ ಆಸ್ಪತ್ರೆಯಲ್ಲಿ ಅದಕ್ಕೂ ಮುಂಚೆ ಒಬ್ಬ ದಾದಿ ಕರವಸ್ತ್ರದ ಮೇಲೆ ಕ್ಲೋರೋಫಾರ್ಮ್ ಹನಿಸಿರಬಹುದು. ರೂಪಾಬಾಯಿಯ ಕತೆಯಲ್ಲಿ ನನ್ನನ್ನು ಹಿಡಿದಿಟ್ಟ ಪ್ರಶ್ನೆ ಬೇರೆ. ಹೆಂಗಸು ಡಾಕ್ಟರಾಗುವುದೇ ಅಪರೂಪವಾಗಿದ್ದ ಕಾಲದಲ್ಲಿ, ಆಪರೇಷನ್ ಕೋಣೆಯಲ್ಲಿ ರೋಗಿಯ ಜೀವ ಕೈಯಲ್ಲಿ ಹಿಡಿದು ಕೂರುವ ಕೆಲಸ ಆಕೆಗೆ ಹೇಗೆ ಸಿಕ್ಕಿತು?

ಮೊದಲು ಶಾಲೆಯ ಬಾಗಿಲು ತೆರೆದ ಬಗೆ ನೋಡೋಣ. ಹೈದರಾಬಾದ್ ಮೆಡಿಕಲ್ ಸ್ಕೂಲ್ ಶುರುವಾದದ್ದು 1846ರಲ್ಲಿ, ನಾಲ್ಕನೆಯ ನಿಜಾಮರ ಕಾಲದಲ್ಲಿ. ಪಾಠ ಉರ್ದುವಿನಲ್ಲಿ, ಓದಿ ಮುಗಿಸಿದವರಿಗೆ 'ಹಕೀಂ' ಎಂಬ ಪದವಿ. ಇದು ನಮಗೆ ತೀರ ಪರದೇಶದ ಕತೆಯಲ್ಲ. ಕಲಬುರಗಿ, ರಾಯಚೂರು, ಬೀದರ್ ಆಗ ಇದೇ ನಿಜಾಮರ ಆಳ್ವಿಕೆಯಲ್ಲಿದ್ದವು. ಆ ಜಿಲ್ಲೆಗಳ ಜನರಿಗೂ ರಾಜಧಾನಿಯ ವೈದ್ಯಶಾಲೆ ಎಂದರೆ ಇದೇ. ಲಾರಿ ಬಂದ ಮೇಲೆ ಪಾಠ ಇಂಗ್ಲಿಷಿಗೆ ಹೊರಳಿತು. 1885ರಲ್ಲಿ ಐವರು ಹೆಣ್ಣುಮಕ್ಕಳು ಸೇರಿಕೊಂಡರು. ಅವರಲ್ಲೊಬ್ಬರು ರೂಪಾಬಾಯಿ.

ಆ ವರ್ಷಗಳಲ್ಲಿ ಇಂಥ ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿದ್ದವು. ಮದರಾಸಿನ ವೈದ್ಯಕೀಯ ಕಾಲೇಜು 1875ರಲ್ಲೇ ಮೇರಿ ಶಾರ್ಲೀಬ್ ಸೇರಿದಂತೆ ನಾಲ್ವರು ಮಹಿಳೆಯರನ್ನು ಸೇರಿಸಿಕೊಂಡಿತ್ತು. ಕಲ್ಕತ್ತೆಯಲ್ಲಿ ಕಾದಂಬಿನಿ ಗಂಗೂಲಿ ಓದುತ್ತಿದ್ದರು. ಪುಣೆಯ ಕಡೆಯ ಆನಂದಿಬಾಯಿ ಜೋಶಿ 1886ರಲ್ಲಿ ಫಿಲಡೆಲ್ಫಿಯಾದಲ್ಲಿ ಪದವಿ ಪಡೆದರು. 1885ರಲ್ಲೇ ವೈಸರಾಯ್ ಪತ್ನಿಯ ಹೆಸರಿನ ಡಫರಿನ್ ನಿಧಿ ಹುಟ್ಟಿತು. ಇವೆಲ್ಲದರ ಹಿಂದೆ ಮುಂದಿಟ್ಟ ಕಾರಣ ಬಹುಮಟ್ಟಿಗೆ ಒಂದೇ: ಪರದೆಯ ಹೆಂಗಸರು ಗಂಡು ವೈದ್ಯನ ಮುಂದೆ ಬರುವುದಿಲ್ಲ, ಹೆರಿಗೆಯಲ್ಲಿ ಸಾಯುತ್ತಿದ್ದಾರೆ, ಆದ್ದರಿಂದ ಹೆಣ್ಣು ಡಾಕ್ಟರು ಬೇಕು. ಕಾರಣ ನಿಜವಾದದ್ದೇ, ಸಾವುಗಳೂ ನಿಜ. ಆದರೆ ಅದರೊಳಗೆ ಒಂದು ಷರತ್ತು ಅಡಗಿತ್ತು. ಹೆಣ್ಣು ಡಾಕ್ಟರು ಬೇಕಾಗಿದ್ದದ್ದು ಹೆಣ್ಣು ರೋಗಿಗಾಗಿ. ಆಕೆಯ ವೃತ್ತಿಯ ಹರವು ಜನಾನಾ ವಾರ್ಡಿನ ಗೋಡೆಗೆ ಮುಗಿಯುತ್ತಿತ್ತು.

ರೂಪಾಬಾಯಿ ಆ ಗೋಡೆ ದಾಟಿದ್ದು ಕ್ಲೋರೋಫಾರ್ಮಿನ ದಾರಿಯಲ್ಲಿ. ಅದು ಸಾಧ್ಯವಾದದ್ದಕ್ಕೆ ಲಾರಿಯ ಉದಾರತೆಗೂ ಪಾಲಿದೆ, ಅಲ್ಲಗಳೆಯಬಾರದು. ಆದರೆ ಇನ್ನೊಂದು ಕಾರಣವೂ ಇದೆ. ಆಗ ಅದೊಂದು ವೃತ್ತಿಯೇ ಆಗಿರಲಿಲ್ಲ. ಆಪರೇಷನ್ ಕೋಣೆಯಲ್ಲಿ ಸರ್ಜನ್ ಒಬ್ಬನೇ ದೊರೆ. ಕ್ಲೋರೋಫಾರ್ಮ್ ಹನಿಸುವುದು ಯಾರಾದರೂ ಬಿಡುವಿದ್ದವರು ಮಾಡುವ ಕೆಲಸ, ವಿದ್ಯಾರ್ಥಿಯೋ, ಕಾಂಪೌಂಡರೋ, ಕಿರಿಯ ಸಹಾಯಕನೋ. ಅದಕ್ಕೆ ಬೇರೆ ಹುದ್ದೆಯಿಲ್ಲ, ಬೇರೆ ಸಂಬಳವಿಲ್ಲ, ಬಡ್ತಿಯ ಏಣಿಯಿಲ್ಲ. ಯಾರೂ ಪೈಪೋಟಿಗೆ ಬರದ ಮೂಲೆ ಅದು.

ಇವತ್ತಿಗೂ ಆ ಮೂಲೆಯ ನೆರಳು ಪೂರ್ತಿ ಹೋಗಿಲ್ಲ. ಆಪರೇಷನ್ ಮಾಡಿಸಿಕೊಂಡು ಬಂದ ನೆಂಟರನ್ನು ಕೇಳಿ ನೋಡಿ, ಸರ್ಜನ್ ಯಾರು ಎಂದರೆ ಹೆಸರು, ಊರು, ಅವರ ಕೈಗುಣ ಎಲ್ಲ ಹೇಳುತ್ತಾರೆ. 'ಅನಸ್ತೇಶಿಯಾ ಡಾಕ್ಟ್ರು ಯಾರು?' ಎಂದರೆ, 'ಯಾರೋ ಒಬ್ರು ಮೇಡಂ ಬಂದಿದ್ರು' ಎಂಬ ಉತ್ತರ ಬಂದರೆ ಆಶ್ಚರ್ಯವಿಲ್ಲ.

ಇದೇ ಕಾಲದಲ್ಲಿ ಅಮೆರಿಕದಲ್ಲೂ ಇಂಥದ್ದೇ ನಡೆಯುತ್ತಿತ್ತು. ಮಿನೆಸೋಟಾದ ಮೇಯೋ ಸೋದರರು ತಮ್ಮ ಆಸ್ಪತ್ರೆಯಲ್ಲಿ ಅರಿವಳಿಕೆಯ ಕೆಲಸವನ್ನು ದಾದಿಯರಿಗೆ ಒಪ್ಪಿಸಿದ್ದರು. ಅವರಲ್ಲಿ ಆಲಿಸ್ ಮೆಗಾ ಎಂಬಾಕೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಸಲ ಅರಿವಳಿಕೆ ಕೊಟ್ಟು, ಒಂದೂ ಸಾವು ಆಗಲಿಲ್ಲವೆಂದು 1906ರಲ್ಲಿ ಲೇಖನ ಬರೆದರು. ಕಿರಿಯ ವೈದ್ಯನನ್ನು ಕೂರಿಸಿದರೆ ಅವನ ಕಣ್ಣು ಸರ್ಜನ್ನನ ಕತ್ತಿಯ ಮೇಲಿರುತ್ತದೆ, ಏಕೆಂದರೆ ನಾಳೆ ಅವನು ಆಗಬೇಕಾದದ್ದು ಸರ್ಜನ್. ದಾದಿಗೆ ಆ ಆಸೆಯನ್ನೇ ಯಾರೂ ಹುಟ್ಟಿಸಿಲ್ಲವಾದ್ದರಿಂದ ಆಕೆ ರೋಗಿಯ ಮುಖವನ್ನೇ ನೋಡುತ್ತಾಳೆ. ಅಂದಿನ ಸರ್ಜನ್ನರು ದಾದಿಯರನ್ನು ಹೊಗಳುವಾಗ ಹೀಗೆಯೇ ವಾದಿಸುತ್ತಿದ್ದರು. ಮೇಲೇರುವ ದಾರಿಯಿಲ್ಲದಿರುವುದೇ ಆಕೆಯ ಅರ್ಹತೆ! ಮುಂದೆ ಈ ಕೆಲಸಕ್ಕೆ ಹಣವೂ ಮರ್ಯಾದೆಯೂ ಬಂದಾಗ ವೈದ್ಯರು ಇದು ನಮ್ಮದು ಎಂದು ದಾವೆ ಹೂಡಿದರು. 1917ರಲ್ಲಿ ಕೆಂಟಕಿಯಲ್ಲಿ, 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ದಾದಿಯರ ಹಕ್ಕು ಕೋರ್ಟಿನಲ್ಲಿ ಉಳಿಯಿತು.

ಹೈದರಾಬಾದಿನ ರೂಪಾಬಾಯಿ ದಾದಿಯಲ್ಲ, ಓದಿದ ಹಕೀಂ. ರೆಸಿಡೆನ್ಸಿ ಆಸ್ಪತ್ರೆ, ಅಫ್ಜಲ್‌ಗಂಜ್ ಆಸ್ಪತ್ರೆ, ಆಮೇಲೆ ವಿಕ್ಟೋರಿಯಾ ಜನಾನಾ ಆಸ್ಪತ್ರೆ, ಹೀಗೆ ಅವರ ವೃತ್ತಿಜೀವನ ಊರಿನ ದೊಡ್ಡ ಆಸ್ಪತ್ರೆಗಳಲ್ಲಿ ಹಬ್ಬಿತ್ತು. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದನ್ನು ಬಳಿದುಕೊಂಡು ಹೋಯಿತು. ನದಿಯ ದಂಡೆಯಲ್ಲಿದ್ದ ಅಫ್ಜಲ್‌ಗಂಜ್ ಆಸ್ಪತ್ರೆಯೂ ಉಳಿಯಲಿಲ್ಲ. ಅಲ್ಲಿದ್ದ ಹುಣಸೆ ಮರ ಹತ್ತಿ ನೂರೈವತ್ತು ಜನ ಬದುಕಿದರೆಂದು ಊರು ಇಂದಿಗೂ ನೆನೆಯುತ್ತದೆ. ಮರ ಈಗಲೂ ಉಸ್ಮಾನಿಯಾ ಆಸ್ಪತ್ರೆಯ ಅಂಗಳದಲ್ಲಿದೆ.

ಮರುವರ್ಷ, 1909ರಲ್ಲಿ, ರೂಪಾಬಾಯಿ ಎಡಿನ್‌ಬರೋಗೆ ಹೊರಟರು. ಓದಲು ಹೋದದ್ದು ಭೌತಶಾಸ್ತ್ರ, ರಸಾಯನಶಾಸ್ತ್ರ. ಆಗಲೇ ಇಪ್ಪತ್ತು ವರ್ಷ ಅರಿವಳಿಕೆ ಕೊಟ್ಟ ಅನುಭವವಿದ್ದ ಡಾಕ್ಟರೊಬ್ಬರು ಮತ್ತೆ ವಿದ್ಯಾರ್ಥಿಯಾಗಿ ಬೆಂಚಿನ ಮೇಲೆ ಕೂತರು. ಕೈಯಲ್ಲಿದ್ದ ಅನಿಲ, ಆವಿ, ಒತ್ತಡಗಳ ಶಾಸ್ತ್ರ ತಿಳಿಯಬೇಕು ಎಂಬ ಹಟ ಇದರಲ್ಲಿ ಕಾಣುತ್ತದೆ. ಎಡಿನ್‌ಬರೋ ಕೂಡ ಸುಲಭದ ಊರಲ್ಲ. 1870ರ ನವೆಂಬರಿನಲ್ಲಿ ಏಳು ಹೆಣ್ಣುಮಕ್ಕಳು ಅಂಗರಚನೆಯ ಪರೀಕ್ಷೆಗೆ ಬಂದಾಗ ಗಂಡು ವಿದ್ಯಾರ್ಥಿಗಳು ಬಾಗಿಲಲ್ಲಿ ಅಡ್ಡ ನಿಂತು ಕೆಸರು ಎರಚಿದ್ದರು, ಆ ಏಳು ಮಂದಿಗೂ ಕೊನೆಗೆ ಪದವಿ ಸಿಗಲಿಲ್ಲ. ವಿಶ್ವವಿದ್ಯಾಲಯ ಹೆಂಗಸರನ್ನು ಪದವಿಗೆ ಸೇರಿಸಿಕೊಂಡದ್ದು 1892ರಲ್ಲಿ. ಮರುವರ್ಷ ಕಾದಂಬಿನಿ ಗಂಗೂಲಿಯೂ ಇದೇ ಊರಿಗೆ ಹೋಗಿ ಸ್ಕಾಟ್ಲೆಂಡಿನ ವೈದ್ಯ ಅರ್ಹತೆಗಳನ್ನು ಪಡೆದು ಬಂದರು, ಮನೆಯಲ್ಲಿ ಮಕ್ಕಳನ್ನು ಬಿಟ್ಟು. ಕಲ್ಕತ್ತೆಯಲ್ಲಿ ಪಡೆದ ಅರ್ಹತೆ ಆಕೆಯನ್ನು ಎಲ್ಲಿಯವರೆಗೆ ಒಯ್ಯಬಲ್ಲದೋ ಅಲ್ಲಿಯವರೆಗೆ ಒಯ್ದು ನಿಂತಿತ್ತು. ಗಂಡಸರೂ ಸಮುದ್ರ ದಾಟುತ್ತಿದ್ದರು, ನಿಜ. ಆದರೆ ಐ.ಎಂ.ಎಸ್., ಅಂದರೆ ಇಂಡಿಯನ್ ಮೆಡಿಕಲ್ ಸರ್ವಿಸ್, ಸೇರುವ ಪರೀಕ್ಷೆ ಅವರಿಗೆ ಅಲ್ಲಿ ಕಾದಿರುತ್ತಿತ್ತು. ಹೆಂಗಸರಿಗೆ ಆ ಸೇವೆಯ ಬಾಗಿಲೇ ಇರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ವೃತ್ತಿಯಲ್ಲಿ ಮೇಲೇರುವುದು ಎಂದರೆ ಆಗ ಏನೆಂಬುದು ಇಲ್ಲಿ ತಿಳಿಯುತ್ತದೆ. ಬ್ರಿಟಿಷ್ ಇಂಡಿಯಾದಲ್ಲಿ ಜಿಲ್ಲೆಗೊಬ್ಬ ಸಿವಿಲ್ ಸರ್ಜನ್. ಆ ಹುದ್ದೆ ಬಹುಪಾಲು ಐ.ಎಂ.ಎಸ್. ಅಧಿಕಾರಿಗಳದ್ದು. ಡಫರಿನ್ ಆಸ್ಪತ್ರೆಯ ಲೇಡಿ ಡಾಕ್ಟರ್ ಎಷ್ಟೇ ನುರಿತವಳಾಗಿರಲಿ, ಎಷ್ಟೋ ಕಡೆ ಆಕೆಯ ಮೇಲೊಬ್ಬ ಸಿವಿಲ್ ಸರ್ಜನ್ ಇರುತ್ತಿದ್ದ. ಕೈಕೆಳಗೆ ದುಡಿದು ಬೇಸತ್ತ ವೈದ್ಯೆಯರು 1907ರಲ್ಲಿ ತಮ್ಮದೇ ಸಂಘ ಕಟ್ಟಿ ಸರ್ಕಾರದ ಬೆನ್ನು ಹತ್ತಿದರು. ಅದರ ಫಲ 1914ರ ವಿಮೆನ್ಸ್ ಮೆಡಿಕಲ್ ಸರ್ವಿಸ್. ದರ್ಜೆಯಿತ್ತು, ಸಂಬಳವಿತ್ತು, ಬಡ್ತಿಯಿತ್ತು. ಆದರೆ ಸರ್ಕಾರದ ನೇರ ಸೇವೆಯಾಗಿ ಅಲ್ಲ, ಡಫರಿನ್ ನಿಧಿಯ ಕೈಯಲ್ಲಿ, ಐ.ಎಂ.ಎಸ್.ಗಿಂತ ಕೆಳಗಿನ ಮಟ್ಟದಲ್ಲಿ, ಹೆಂಗಸರ ಆಸ್ಪತ್ರೆಗಳೊಳಗೆ. ಅವರಿಗೆ ಏಣಿ ಸಿಕ್ಕಿತು, ಆದರೆ ಅದನ್ನು ನಿಲ್ಲಿಸಿದ್ದು ಬೇರೆಯದೇ ಗೋಡೆಗೆ. ಆದರೂ ಇದನ್ನು ಸೋಲು ಎನ್ನಲು ನನಗೆ ಮನಸ್ಸಿಲ್ಲ. ಆ ಗೋಡೆಯೊಳಗೆ ಹೆಂಗಸರು ಸೂಪರಿಂಟೆಂಡೆಂಟರಾದರು, ಕತ್ತಿ ಹಿಡಿದರು, ಆಸ್ಪತ್ರೆಯ ಆಡಳಿತ ನಡೆಸಿದರು. ಹೊರಗೆ ಆ ಅವಕಾಶ ಎಷ್ಟು ಜನಕ್ಕೆ ಸಿಗುತ್ತಿತ್ತು?

ನಿಜಾಮರ ಸಂಸ್ಥಾನ ಬ್ರಿಟಿಷ್ ಇಂಡಿಯಾ ಅಲ್ಲವಾದ್ದರಿಂದ ಈ ಸೇವೆಗಳ ಲೆಕ್ಕ ರೂಪಾಬಾಯಿಗೆ ನೇರವಾಗಿ ಅನ್ವಯಿಸುತ್ತಿರಲಿಲ್ಲ. ಅವರು ಕೊನೆಗೆ ಸೂಪರಿಂಟೆಂಡೆಂಟ್ ಆಗಿಯೇ ನಿವೃತ್ತರಾದರು. ಒಳ್ಳೆಯ ಏರಿಕೆಯೇ. ಗಮನಿಸಬೇಕಾದದ್ದು ಅವರು ಏರಿದ ದಾರಿ. ಅರಿವಳಿಕೆ ತಜ್ಞೆ ಎಂಬ ದರ್ಜೆಯೇ ಇಲ್ಲದ ಕಡೆ ಅದರಲ್ಲಿ ಮೇಲಕ್ಕೆ ಹೋಗುವುದೆಂತು? ಮೂರು ದಶಕದ ಪರಿಣತಿಗೆ ಸಿಕ್ಕ ಮನ್ನಣೆ ಆಡಳಿತದ ಕುರ್ಚಿಯ ರೂಪದಲ್ಲಿ ಬಂತು.

ಇನ್ನು ಕ್ಲೋರೋಫಾರ್ಮಿನ ಜಗಳ ಏನಾಯಿತು? ಲಾರಿ ಸೋತರು. ರೂಪಾಬಾಯಿ ಎಡಿನ್‌ಬರೋಗೆ ಹೋದ ಎರಡು ವರ್ಷಕ್ಕೆ, 1911ರಲ್ಲಿ, ಗುಡ್‌ಮನ್ ಲೆವಿ ಎಂಬ ವೈದ್ಯರು ಬೆಕ್ಕುಗಳ ಮೇಲಿನ ಪ್ರಯೋಗದಿಂದ ಕ್ಲೋರೋಫಾರ್ಮ್ ಹೃದಯವನ್ನು ಹಠಾತ್ತನೆ ನಿಲ್ಲಿಸಬಲ್ಲದೆಂದು ತೋರಿಸಿದರು, ಅದೂ ಅರಿವಳಿಕೆ ತೀರ ಹಗುರವಾಗಿದ್ದಾಗ, ರೋಗಿ ಹೆದರಿದ್ದಾಗ. ಹ್ಯಾನಾ ಗ್ರೀನರ್ ಸತ್ತದ್ದು ಬಹುಶಃ ಹಾಗೆ. ನಿಜಾಮರ ಸಾವಿರ ಪೌಂಡಿಗೆ ಸಿಕ್ಕ ಉತ್ತರ ತಪ್ಪಾಗಿತ್ತು. ಆದರೂ ಎಡಬಿಡದೆ ಉಸಿರು ನೋಡುತ್ತಾ ಕೂರುವ ಹೈದರಾಬಾದಿನ ಅಭ್ಯಾಸ ಒಳ್ಳೆಯದೇ. ತಪ್ಪು ಉತ್ತರ ಕೊಟ್ಟ ಆಯೋಗದ ಹೆಸರು ಪುಸ್ತಕದಲ್ಲಿ ಉಳಿಯಿತು. ದಿನವೂ ಉಸಿರು ನೋಡುತ್ತಾ ಕೂತಿದ್ದವರ ಹೆಸರು ಮುನ್ನೆಲೆಗೆ ಬಂದದ್ದು ತೀರ ಈಚೆಗೆ.

ರೂಪಾಬಾಯಿ ಎಡಿನ್‌ಬರೋಗೆ ಹೋದ 1909ರಲ್ಲೇ ಅಮೆರಿಕದಲ್ಲಿ ವರ್ಜೀನಿಯಾ ಆಪ್ಗಾರ್ ಹುಟ್ಟಿದರು. ಆಕೆಗೆ ಸರ್ಜನ್ ಆಗಬೇಕಿತ್ತು. ಕೊಲಂಬಿಯಾದಲ್ಲಿ ಆಕೆಯ ಹಿರಿಯ ಸರ್ಜನ್ ಅಲೆನ್ ವಿಪ್ಪಲ್, ಹೆಂಗಸು ಸರ್ಜನ್ ಆಗಿ ಹೊಟ್ಟೆ ಹೊರೆಯುವುದು ಕಷ್ಟ, ಅರಿವಳಿಕೆಯನ್ನು ಹಿಡಿ ಎಂದು ಒಪ್ಪಿಸಿದರು. 1938ರಲ್ಲಿ ಆಕೆ ಅರಿವಳಿಕೆ ವಿಭಾಗದ ಮುಖ್ಯಸ್ಥೆ. ವಿಭಾಗ ಎಂದರೆ ಸರ್ಜರಿಯ ಕೆಳಗಿನ ಒಂದು ಕವಲು, ಕೆಲಸ ಬೆಟ್ಟದಷ್ಟು, ಜನ ಬೆರಳೆಣಿಕೆಯಷ್ಟು. ಹನ್ನೊಂದು ವರ್ಷ ಅದನ್ನು ಕಟ್ಟಿ ಬೆಳೆಸಿದರು. 1949ರಲ್ಲಿ ಅದಕ್ಕೆ ಸ್ವತಂತ್ರ ಇಲಾಖೆಯ ಅಂತಸ್ತು ಬಂತು. ಇಲಾಖೆಯ ಮುಖ್ಯಸ್ಥರ ಪೀಠ ಹೋದದ್ದು ಇಮ್ಯಾನುಯೆಲ್ ಪ್ಯಾಪರ್ ಎಂಬ ಗಂಡಸಿಗೆ. ಆಪ್ಗಾರ್‌ಗೆ ಪ್ರೊಫೆಸರ್ ಪದವಿ ಕೊಟ್ಟರು, ಆ ವೈದ್ಯಕೀಯ ಕಾಲೇಜಿನಲ್ಲಿ ಅದನ್ನು ಪಡೆದ ಮೊದಲ ಮಹಿಳೆ ಆಕೆ. ಆಕೆ ಹೆರಿಗೆ ಕೋಣೆಯ ಅರಿವಳಿಕೆಯ ಕಡೆ ತಿರುಗಿದರು. 1952ರಲ್ಲಿ ಹುಟ್ಟಿದ ಕೂಸಿನ ಸ್ಥಿತಿ ಅಳೆಯುವ ಐದು ಗುರುತುಗಳ ಅಂಕಪಟ್ಟಿ ಮುಂದಿಟ್ಟರು. ಕಲಬುರಗಿಯ ಜಿಲ್ಲಾಸ್ಪತ್ರೆಯಿರಲಿ, ಹೈದರಾಬಾದಿನ ಹೆರಿಗೆ ಆಸ್ಪತ್ರೆಯಿರಲಿ, ಕೂಸು ಹುಟ್ಟಿದ ಮೊದಲ ನಿಮಿಷದಲ್ಲಿ ಇಂದಿಗೂ ಬರೆದಿಡುವುದು ಆಪ್ಗಾರ್ ಅಂಕವನ್ನೇ. ಐದು ಗುರುತುಗಳಲ್ಲಿ ನಾಡಿಯೂ ಇದೆ, ಉಸಿರೂ ಇದೆ.

ವೈದ್ಯಕೀಯವನ್ನು ಬಿಟ್ಟು ಬೇರೆ ವೃತ್ತಿಗೆ ಹೋದರೂ ಇದೇ ಗೆರೆ ಕಾಣುತ್ತದೆ. ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತದ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆಕೆ ಸೇರಿದಾಗ ಆ ಸೇವೆ ಆಗಷ್ಟೇ ಹುಟ್ಟಿತ್ತು. ಅದು ಬೇರುಬಿಟ್ಟ ಮೇಲೆ, 1961ರಲ್ಲಿ, ನಿಯಮಗಳು ಬಂದವು. ಮಹಿಳಾ ಅಧಿಕಾರಿ ಮದುವೆಯಾಗಲು ಸರ್ಕಾರದ ಅನುಮತಿ ಪಡೆಯಬೇಕು, ಸಂಸಾರ ಕೆಲಸಕ್ಕೆ ಅಡ್ಡಿಯೆಂದು ಸರ್ಕಾರಕ್ಕೆ ಅನ್ನಿಸಿದರೆ ರಾಜೀನಾಮೆ ಕೊಡಬೇಕು, ಮದುವೆಯಾದ ಹೆಂಗಸಿಗೆ ಸೇವೆಗೆ ಸೇರುವ ಹಕ್ಕಿಲ್ಲ. ಮೇಲಿನ ದರ್ಜೆಯ ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ಅರ್ಜಿ ಬಾಕಿಯಿರುವಾಗಲೇ ಸರ್ಕಾರ ಬಡ್ತಿ ಕೊಟ್ಟು ಹೇಗ್‌ಗೆ ರಾಯಭಾರಿಯಾಗಿ ಕಳಿಸಿತು. 1979ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅರ್ಜಿಯನ್ನು ವಜಾ ಮಾಡಿದರು, ಆದರೆ ಸೇವಾ ನಿಯಮಗಳನ್ನೆಲ್ಲ ತಡಕಿ ಇಂಥ ತಾರತಮ್ಯದ ಕಲೆ ತೊಳೆಯಬೇಕೆಂದು ಸರ್ಕಾರಕ್ಕೆ ಖಾರವಾಗಿಯೇ ಹೇಳಿದರು.

ನಿಯಮಗಳ ಮಾತು ಬಂತಲ್ಲ, ಹೈದರಾಬಾದಿಗೇ ಮರಳೋಣ. 1984ರಲ್ಲಿ ಎನ್.ಟಿ. ರಾಮರಾಯರ ಸರ್ಕಾರ ಆಂಧ್ರಪ್ರದೇಶದ ಸೇವಾ ನಿಯಮಗಳಿಗೆ 22-ಎ ಎಂಬ ಹೊಸ ನಿಯಮ ಸೇರಿಸಿತು. ಅದು ಹುದ್ದೆಗಳನ್ನು ಮೂರು ಬಗೆ ಮಾಡಿತು. ಹೆಂಗಸರಿಗೇ ಹೆಚ್ಚು ಒಪ್ಪುವ ಹುದ್ದೆಗಳಲ್ಲಿ ಅವರಿಗೆ ಆದ್ಯತೆ. ಇಬ್ಬರಿಗೂ ಸಮನಾಗಿ ಒಪ್ಪುವ ಹುದ್ದೆಗಳಲ್ಲಿ ಉಳಿದದ್ದೆಲ್ಲ ಸಮನಾಗಿದ್ದರೆ ಕನಿಷ್ಠ ಶೇಕಡ 30 ಹೆಂಗಸರಿಗೆ. ಮಹಿಳಾ ಕಲ್ಯಾಣದಂಥ ಇಲಾಖೆಗಳ ಮೀಸಲು ಹುದ್ದೆಗಳು ಪೂರ್ತಿ ಅವರಿಗೇ. ಪಿ.ಬಿ. ವಿಜಯಕುಮಾರ್ ಎಂಬವರ ಪ್ರಕರಣದಲ್ಲಿ ಹೈಕೋರ್ಟು ಎರಡನೆಯದನ್ನು ಹೊಡೆದು ಹಾಕಿತು. ಎಂದರೆ, ಹೆಂಗಸಿಗೇ ಒಪ್ಪುವ ಕೆಲಸ ಎಂಬ ಮಾತು ಉಳಿಯಿತು, ಇಬ್ಬರಿಗೂ ಒಪ್ಪುವ ಕೆಲಸದಲ್ಲಿ ಆಕೆಯ ಪಾಲು ಉಳಿಯಲಿಲ್ಲ. 1995ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಿದ್ದಿತು. ಸಂವಿಧಾನದ 15ನೆಯ ವಿಧಿಯ 3ನೆಯ ಖಂಡದಡಿ ಸರ್ಕಾರಿ ಉದ್ಯೋಗದಲ್ಲೂ ಹೆಂಗಸರಿಗೆ ವಿಶೇಷ ಅವಕಾಶ ಕಲ್ಪಿಸಬಹುದು ಎಂದು ಹೇಳಿ ಶೇಕಡ 30ನ್ನು ಎತ್ತಿಹಿಡಿಯಿತು. ಸಾವಿರಾರು ಹೆಣ್ಣುಮಕ್ಕಳು ಗುಮಾಸ್ತೆಯರಾಗಿ, ತಹಸೀಲ್ದಾರರಾಗಿ, ಡಾಕ್ಟರರಾಗಿ ಹೈದರಾಬಾದಿನ ಸರ್ಕಾರಿ ಕಚೇರಿಗಳೊಳಗೆ ಬಂದದ್ದರ ಹಿಂದೆ ಈ ನಿಯಮವಿದೆ.

ನಿಯಮದ ಮೂರೂ ಖಂಡಗಳು ಒಂದೇ ಮಾತಿನಿಂದ ಶುರುವಾಗುತ್ತವೆ: 'ನೇರ ನೇಮಕಾತಿಯ ವಿಷಯದಲ್ಲಿ'. ಬಡ್ತಿಯ ಮಾತು ಅದರಲ್ಲಿ ಎಲ್ಲೂ ಇಲ್ಲ.